ಮಲ್ಟಿಪ್ಲೈಯರ್ ಬಾಯಿಪಾಠ ಆಯ್ತಲ್ಲ, ಈಗ ಆರ್‌ಬಿಐ ಲೆಕ್ಕ ತೆಗೀರಿ

ಎಂ.ಎ.ಲಿ ಮಾನಿಟರಿ ಎಕನಾಮಿಕ್ಸ್ ಪಾಠ ಮಾಡುವಾಗ ಪ್ರತಿ ಬ್ಯಾಚಲ್ಲೂ ಒಂದೇ ಜಾಗದಲ್ಲಿ ಗಾಡಿ ನಿಲ್ಲುತ್ತೆ. ಡಿಗ್ರಿಲಿ ಎಲ್ರೂ ಬಾಯಿಪಾಠ ಮಾಡಿರ್ತಾರೆ, ಬ್ಯಾಂಕಿಗೆ 100 ರೂಪಾಯಿ ಡೆಪಾಸಿಟ್ ಬಂತು, ಸಿಆರ್‌ಆರ್ (ಆರ್‌ಬಿಐನಲ್ಲಿ ಇಡಲೇಬೇಕಾದ ಪಾಲು) ಅಂತ 10 ತೆಗೆದಿಟ್ಟು 90 ಸಾಲ ಕೊಟ್ರು, ಅದು ಇನ್ನೊಂದು ಬ್ಯಾಂಕಿಗೆ ಹೋಯ್ತು, ಹಿಂಗೇ ಸುತ್ತಿ ಸುತ್ತಿ ಒಟ್ಟು ಡೆಪಾಸಿಟ್ 1000 ಆಯ್ತು, ಈ ಹತ್ತು ಪಟ್ಟೇ ಮಲ್ಟಿಪ್ಲೈಯರ್. ಲೆಕ್ಕ ಸರಿ, ಆದ್ರೆ ಬ್ಯಾಂಕಲ್ಲಿ ಕೆಲಸ ಹಂಗೆ ನಡೆಯಲ್ಲ.

ನಿಮಗೆ 10 ಲಕ್ಷ ಸಾಲ ಸ್ಯಾಂಕ್ಷನ್ ಆದ್ರೆ ಮ್ಯಾನೇಜರ್ ಯಾರ ಡೆಪಾಸಿಟ್ಟನ್ನೂ ಎತ್ತಿ ಕೊಡಲ್ಲ, ನಿಮ್ಮ ಅಕೌಂಟಿಗೆ ಕ್ರೆಡಿಟ್ ಮಾಡ್ತಾರೆ ಅಷ್ಟೇ. ಅಸೆಟ್ ಕಡೆ ಸಾಲ, ಲಯಬಿಲಿಟಿ ಕಡೆ ಡೆಪಾಸಿಟ್, ಎರಡೂ ಒಟ್ಟಿಗೇ ಹುಟ್ಟುತ್ವೆ. ನೀವು ಆ ದುಡ್ಡನ್ನ ಬೇರೆ ಬ್ಯಾಂಕಿಗೆ ಕಳಿಸಿದಾಗ ಇವರಿಗೆ ಆರ್‌ಬಿಐನಲ್ಲಿರೋ ಬ್ಯಾಲೆನ್ಸ್ ಬೇಕಾಗುತ್ತೆ, ಕಮ್ಮಿ ಬಿದ್ರೆ ಕಾಲ್ ಮನಿ ಮಾರ್ಕೆಟ್ಟಲ್ಲಿ ಒಂದು ರಾತ್ರಿ ಮಟ್ಟಿಗೆ ಸಾಲ ತಗೋತಾರೆ. ಆ ಸಾಲದ ಬಡ್ಡಿ, ಅಂದ್ರೆ ಕಾಲ್ ರೇಟ್, ರೆಪೋ ರೇಟಿನ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ ದರ) ಹತ್ರಾನೇ ಇರ್ಲಿ ಅಂತ ಆರ್‌ಬಿಐ ದುಡ್ಡು ಬಿಡ್ತಾ, ವಾಪಸ್ ಎಳ್ಕೊಳ್ತಾ ಇರುತ್ತೆ. ಅದು ಹಿಡಿಯೋದು ರೇಟನ್ನ, ಮೊತ್ತಾನಲ್ಲ. ಐಎಸ್-ಎಲ್‌ಎಂ ಮಾಡೆಲ್‌ನಲ್ಲಿ ಎಂ (ಹಣದ ಮೊತ್ತ) ಮೇಲೆ ಗೆರೆ ಎಳೆದು ಫಿಕ್ಸೆಡ್ ಅಂತ ಓದಿ ಬಂದೋರಿಗೆ ಇದು ಬೇಗ ಇಳಿಯಲ್ಲ.

ಆಗ ನಾನು 2016ರ ನೋಟ್ ಬ್ಯಾನ್ ಡೇಟಾ ತೆಗೆಸ್ತೀನಿ. ನವೆಂಬರ್ 8ಕ್ಕೆ ರದ್ದಾದ 500, 1000ದ ನೋಟುಗಳು ಚಲಾವಣೆಲಿದ್ದ ಮೌಲ್ಯದಲ್ಲಿ ಸುಮಾರು 86 ಪರ್ಸೆಂಟ್. ಕ್ಯಾಶ್ ಕುಸಿದು ರಿಸರ್ವ್ ಮನಿ (ಚಲಾವಣೆಲಿರೋ ಕ್ಯಾಶ್, ಆರ್‌ಬಿಐನಲ್ಲಿ ಬ್ಯಾಂಕುಗಳಿಟ್ಟ ಬ್ಯಾಲೆನ್ಸ್) ಧಡಕ್ಕನೆ ಇಳೀತು, ಎಂ3 (ಜನರ ಕೈಲಿರೋ ಕ್ಯಾಶ್, ಬ್ಯಾಂಕ್ ಡೆಪಾಸಿಟ್ ಸೇರಿದ ಒಟ್ಟು ಹಣ) ಮಾತ್ರ ಅಷ್ಟು ಬೀಳಲಿಲ್ಲ, ಯಾಕಂದ್ರೆ ಕೈಲಿದ್ದ ನೋಟು ಡೆಪಾಸಿಟ್ ಆಗಿತ್ತು. ಈಗ ಎಂ3ನ ರಿಸರ್ವ್ ಮನಿಯಿಂದ ಭಾಗಿಸಿ, ಮಲ್ಟಿಪ್ಲೈಯರ್ ಜಿಗಿದಿರುತ್ತೆ! ಹಾಗಂತ ಬ್ಯಾಂಕುಗಳು ಎರ್ರಾಬಿರ್ರಿ ಸಾಲ ಕೊಟ್ಟಿದ್ವಾ? ಇಲ್ಲ, ಸಾಲದ ಬೆಳವಣಿಗೆ ಆಗ ಮಂಕಾಗಿತ್ತು. ಬಂದ ದುಡ್ಡಲ್ಲಿ ದೊಡ್ಡ ಪಾಲು ರಿವರ್ಸ್ ರೆಪೋಗೆ (ಬ್ಯಾಂಕುಗಳು ಬಡ್ಡಿಗೆ ಆರ್‌ಬಿಐ ಬಳಿ ದುಡ್ಡಿಡೋ ವ್ಯವಸ್ಥೆ) ಹೋಯ್ತು, ಅಲ್ಲಿಟ್ಟಿದ್ದು ರಿಸರ್ವ್ ಮನಿ ಲೆಕ್ಕಕ್ಕೇ ಬರಲ್ಲ. (ಮಧ್ಯೆ ಎರಡು ವಾರ 100 ಪರ್ಸೆಂಟ್ ಇನ್‌ಕ್ರಿಮೆಂಟಲ್ ಸಿಆರ್‌ಆರ್, ಅಂದ್ರೆ ಹೆಚ್ಚಾಗಿದ್ದ ಡೆಪಾಸಿಟ್ಟಿನಷ್ಟೂ ಆರ್‌ಬಿಐನಲ್ಲೇ ಇಡಿ ಅಂತ ಹಾಕಿದ್ರು, ಆ ಅವಧಿ ನಂಬರ್ ಬೇರೆ ಥರಾನೇ ಕುಣಿಯುತ್ತೆ, ಅದನ್ನ ನೀವೇ ಬಿಡಿಸಿ.)

ಮುಂದೆ ನ್ಯೂ ಕೇನ್ಸಿಯನ್ ಮಾಡೆಲ್ ಬಂದಾಗ ಬೇಡಿಕೆ, ಹಣದುಬ್ಬರ, ಬಡ್ಡಿದರದ ಮೂರು ಇಕ್ವೇಶನ್ನಲ್ಲಿ ಎಲ್ಲೂ ಎಂ ಇರಲ್ಲ, "ಸಾರ್, ಇದ್ರಲ್ಲಿ ದುಡ್ಡೆಲ್ಲಿ" ಅಂತ ಕೇಳ್ತಾರೆ. ಅಷ್ಟರೊಳಗೆ ಆರ್‌ಬಿಐ ದಿನಾ ಹಾಕೋ ಮನಿ ಮಾರ್ಕೆಟ್ ಆಪರೇಶನ್ಸ್ ಶೀಟನ್ನ ಒಂದು ತಿಂಗಳಾದ್ರೂ ನೋಡಿರಿ, ಅದರಲ್ಲೂ ಜಿಎಸ್‌ಟಿ ದುಡ್ಡು ಸರ್ಕಾರದ ಅಕೌಂಟಿಗೆ ಹೋಗೋ 20ನೇ ತಾರೀಕಿನ ಆಸುಪಾಸು ಬ್ಯಾಂಕುಗಳ ಕೈ ಎಷ್ಟು ಬಿಗಿಯಾಗುತ್ತೆ, ಕಾಲ್ ರೇಟ್ ಎತ್ತ ಹೋಗುತ್ತೆ ಅಂತ.