ಪದ ಪರಿಚಯ: ಬೇರಿಯಂ ನಕ್ಷತ್ರ

ಅಕ್ಟೋಬರ್ ನಡುವಿನಲ್ಲಿ, ಹಿಂಗಾರು ಮೋಡ ಇಲ್ಲದ ರಾತ್ರಿ 8 ಗಂಟೆ ದಾಟಿದ ಮೇಲೆ, ಮೈಸೂರಿನ ಬೆಳಕನ್ನು ಬೆನ್ನ ಹಿಂದೆ ಬಿಟ್ಟು ದಕ್ಷಿಣಕ್ಕೆ ಮುಖ ಮಾಡಿ. ದಿಗಂತದಿಂದ ಸುಮಾರು 55 ಡಿಗ್ರಿ ಎತ್ತರದಲ್ಲಿ ಮಕರ ರಾಶಿಯ ಝೀಟಾ ಎಂಬ ತಾರೆ ಬರಿಗಣ್ಣಿಗೇ ಸಿಗುತ್ತದೆ. ಅದೊಂದು ಬೇರಿಯಂ ನಕ್ಷತ್ರ. ಈ ಗುಂಪನ್ನು 1951ರಲ್ಲಿ ಗುರುತಿಸಿದವರು ಖಗೋಳಜ್ಞರಾದ ಬಿಡೆಲ್‌ಮನ್ ಮತ್ತು ಕೀನನ್. ಇವುಗಳ ರೋಹಿತದಲ್ಲಿ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯಲ್ಲಿ, 4554 ಆಂಗ್‌ಸ್ಟ್ರಾಂ (ಬೆಳಕಿನ ಅಲೆಯುದ್ದದ ಅಳತೆ) ಬಳಿಯ ಬೇರಿಯಂ ಗೆರೆ ವಿಪರೀತ ಗಾಢ. ಆದರೆ ಬೇರಿಯಂ ತಯಾರಿಸುವ ಹಂತವನ್ನೇ ಇವು ಇನ್ನೂ ಮುಟ್ಟಿಲ್ಲ. ಆ ಬೇರಿಯಂ ಇವುಗಳ ಜೊತೆಗೇ ಸುತ್ತುವ ಜೋಡಿ ತಾರೆ ಕೊಟ್ಟದ್ದು.

ತಯಾರಾಗುವುದು ಹೀಗೆ. ಸೂರ್ಯನ ಒಂದರಿಂದ ಮೂರರಷ್ಟು ತೂಕದ ತಾರೆ ಮುಪ್ಪಿನಲ್ಲಿ ಊದಿಕೊಂಡು ಕೆಂಪು ದೈತ್ಯವಾಗುತ್ತದೆ. ಅದರ ತಿರುಳಿನ ಸುತ್ತಲಿನ ಪದರದಲ್ಲಿ, ಸುಮಾರು 10 ಕೋಟಿ ಡಿಗ್ರಿ ಶಾಖದಲ್ಲಿ, ಕಾರ್ಬನ್-13 (ಸಂಖ್ಯೆ ಪರಮಾಣು ಬೀಜದಲ್ಲಿನ ಕಣಗಳ ಲೆಕ್ಕ) ಹೀಲಿಯಂ ಜೊತೆ ಕೂಡಿ ಆಕ್ಸಿಜನ್-16 ಆಗುತ್ತದೆ. ಒಂದು ನ್ಯೂಟ್ರಾನ್ ಹೊರಬೀಳುತ್ತದೆ. ಮೊದಲೇ ಅಲ್ಲಿದ್ದ ಕಬ್ಬಿಣ ಆ ನ್ಯೂಟ್ರಾನ್‌ಗಳನ್ನು ಒಂದೊಂದಾಗಿ ನುಂಗುತ್ತದೆ: 56, 57, 58, ಆಮೇಲೆ 59. ಕಬ್ಬಿಣ-59ರ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ಬೇರೆಯಾಗಿ ಮಾರ್ಪಡಲು ಬೇಕಾದ ಸಮಯ, ಬರೀ 44 ದಿನ ಚಿಲ್ಲರೆ. ಮುಂದಿನ ನ್ಯೂಟ್ರಾನ್ ಬರಲು ಸಾಮಾನ್ಯವಾಗಿ ವರ್ಷಗಳೇ ಬೇಕು, ಅಷ್ಟರೊಳಗೆ ಅದು ಕೋಬಾಲ್ಟ್ ಆಗಿಬಿಟ್ಟಿರುತ್ತದೆ. ಇಂಥ ನಿಧಾನದ ಹತ್ತುವಿಕೆಗೇ ಎಸ್-ಪ್ರಕ್ರಿಯೆ (ಎಸ್ ಅಂದರೆ ಸ್ಲೋ) ಎಂದು ಹೆಸರು. ಸ್ಟ್ರಾಂಷಿಯಂ, ಬೇರಿಯಂ, ಸೀಸ ಎಲ್ಲ ಈ ದಾರಿಯಲ್ಲೇ ಸಿಗುತ್ತವೆ. ಬಿಸ್ಮತ್ ದಾಟಿ ಮುಂದಕ್ಕೆ ದಾರಿಯಿಲ್ಲ.

ಕೆಡುವುದು ಹೈಡ್ರೋಜನ್‌ನ ಅಳತೆ ತಪ್ಪಿದಾಗ. ಮೇಲಿನಿಂದ ತುಸುವೇ ಇಳಿದರೆ ಕಾರ್ಬನ್-13 ಹುಟ್ಟುತ್ತದೆ. ಹೆಚ್ಚಾದರೆ ಅದೇ ಕಾರ್ಬನ್ ನೈಟ್ರೋಜನ್-14 ಆಗಿ, ಕಬ್ಬಿಣಕ್ಕೆ ಸಲ್ಲಬೇಕಾದ ನ್ಯೂಟ್ರಾನ್‌ಗಳನ್ನು ತಾನೇ ನುಂಗಿಹಾಕುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ಅತಿ ಸೂಕ್ಷ್ಮ ಜಾಗ ಇದೇ.

ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನಹಾಲು ತಳದ್ದನ್ನು ಮೇಲಕ್ಕೆ ತರುವ ಹಾಗೆ, ದೈತ್ಯದ ಹೊರಪದರವೂ ಒಳಗಿನ ಬೇರಿಯಂ ಅನ್ನು ಮೇಲೆತ್ತುತ್ತದೆ. ಅಲ್ಲಿಂದ ಸೆಕೆಂಡಿಗೆ 10-20 ಕಿಲೋಮೀಟರ್ ವೇಗದ ಗಾಳಿಯಾಗಿ ಹೊರಟಾಗ ಜೋಡಿ ತಾರೆ ಒಂದಿಷ್ಟನ್ನು ಹಿಡಿದುಕೊಳ್ಳುತ್ತದೆ. ಕೊಟ್ಟ ತಾರೆ ಕೊನೆಗೆ ಶ್ವೇತಕುಬ್ಜವಾಗಿ, ಅಂದರೆ ಉರಿದು ಮುಗಿದ ಪುಟ್ಟ ಸಾಂದ್ರ ತಿರುಳಾಗಿ, ಮಂಕಾಗುತ್ತದೆ.

ತಾರೆಯ ಬೇರಿಯಂ ಸ್ವಂತದ್ದೋ ಪಡೆದದ್ದೋ ಎಂದು ತಿಳಿಯಲು ಟೆಕ್ನೀಷಿಯಂ ಎಂಬ ವಿಕಿರಣಶೀಲ ಧಾತುವನ್ನು ಹುಡುಕಬೇಕು. 1952ರಲ್ಲಿ ಖಗೋಳಜ್ಞ ಮೆರಿಲ್ ಅದನ್ನು ಮುಪ್ಪಿನ ಕೆಂಪು ತಾರೆಗಳಲ್ಲಿ ಕಂಡರು. ಅಲ್ಲಿ ಹುಟ್ಟುವ ಟೆಕ್ನೀಷಿಯಂ-99ರ ಅರ್ಧಾಯುಷ್ಯ ಸುಮಾರು 2.1 ಲಕ್ಷ ವರ್ಷ, ತಾರೆಯ ಬದುಕಿನ ಮುಂದೆ ಅದು ತೀರಾ ಕಡಿಮೆ, ಹಾಗಾಗಿ ಅದಿದ್ದರೆ ತಯಾರಿ ಆ ತಾರೆಯದ್ದೇ. ಬೇರಿಯಂ ನಕ್ಷತ್ರಗಳಲ್ಲಿ ಅದು ಸಿಗುವುದಿಲ್ಲ, ಪಡೆದದ್ದು ಎಂದೋ ಕರಗಿಹೋಗಿದೆ. ಝೀಟಾದ ಪಕ್ಕದ ಶ್ವೇತಕುಬ್ಜ ನಮ್ಮ ಕಣ್ಣಿಗೆ ಕಾಣದು. 1980ರಲ್ಲಿ ಅದು ಪತ್ತೆಯಾದದ್ದು ನೇರಳಾತೀತ ಬೆಳಕಿನಲ್ಲಿ.