ಮತದಾರರ ಪಟ್ಟಿಯ ಅಂಚಿನಲ್ಲಿ ಬರೆದ ಅಕ್ಷರಗಳು

ಕೆಲವು ವರ್ಷಗಳ ಹಿಂದೆ ಗ್ರಾಮ ಪಂಚಾಯತ್ ಚುನಾವಣೆಯ ತಕರಾರೊಂದರ ಸಂಬಂಧ ಕಕ್ಷಿದಾರರೊಬ್ಬರು ಉಡುಪಿಯ ನನ್ನ ಕಚೇರಿಗೆ ತಂದಿದ್ದ ಕಡತದಲ್ಲಿ, ಪ್ರಚಾರಕ್ಕೆಂದು ಬಳಸಿ ಮೂಲೆ ಮಡಚಿಹೋಗಿದ್ದ ಮತದಾರರ ಪಟ್ಟಿಯ ಪ್ರತಿಯೊಂದಿತ್ತು. ಹೆಸರುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದೊಂದು ಅಕ್ಷರ ಬರೆದಿದ್ದರು. ಪೂಜಾರಿ ಎಂದಿದ್ದಲ್ಲಿ ಬಿಲ್ಲವರೆಂದು 'ಬಿ', ಶೆಟ್ಟಿ ಎಂದಿದ್ದಲ್ಲಿ ಬಂಟರೆಂದು 'ಬಂ', ಡಿಸೋಜ ಎಂದಿದ್ದಲ್ಲಿ ಕ್ರಿಶ್ಚಿಯನ್ನರೆಂದು 'ಕ್ರಿ'. ಸುವರ್ಣ, ಬಂಗೇರ, ಸಾಲಿಯಾನ್ ಬಂದಲ್ಲಿ ಮಾತ್ರ ಪ್ರಶ್ನಾರ್ಥಕ ಚಿಹ್ನೆ ಇತ್ತು, ಏಕೆಂದರೆ ಬಳಿಯ, ಅಂದರೆ ಕುಲದ, ಆ ಹೆಸರುಗಳು ಬಿಲ್ಲವರಲ್ಲೂ ಉಂಟು, ಮೊಗವೀರರಲ್ಲೂ ಉಂಟು. ಹೆಂಗಸರ ಹೆಸರಿನ ಎದುರು ಅಕ್ಷರವೇ ಇರಲಿಲ್ಲ. ಗಂಡನದೋ ತಂದೆಯದೋ ಅಕ್ಷರದ ಕೆಳಗೆ ಎರಡು ಸಣ್ಣ ಗೀಟುಗಳನ್ನು ಎಳೆದಿದ್ದರು; ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ 'ಸದರಿ'.

ಬಳಿಯು ತಾಯಿಯಿಂದ ಬರುವ, ಆಸ್ತಿಯೂ ತಾಯಿಯ ಕಡೆಯಿಂದ ಇಳಿದುಬರುತ್ತಿದ್ದ ಅಳಿಯಸಂತಾನ ಪದ್ಧತಿಯ ನೆನಪು ಇನ್ನೂ ಮಾಸದಿರುವ ನಾಡಿನಲ್ಲಿ ಹೆಂಗಸರ ಮತವನ್ನು ಗಂಡಸರ ಹೆಸರಿನ ಕೆಳಗೆ 'ಸದರಿ' ಎಂದು ಬರೆದುಕೊಂಡದ್ದನ್ನು ಕಂಡು ನನಗೆ ಆದ ನೋವು ಈಗಲೂ ಹಾಗೆಯೇ ಇದೆ. ಜಾತಿ ನೋಡಿ ಮತ ಹಾಕಬಹುದೇ, ಹೆಂಗಸು ಎಂಬ ಕಾರಣಕ್ಕೆ ಹೆಂಗಸಿಗೆ ಮತ ಕೊಡಬೇಕೇ ಎಂದು ಜನರು ನನ್ನನ್ನು ಕೇಳಿದಾಗಲೆಲ್ಲ ನೆನಪಿಗೆ ಬರುವುದು ಆ ಪುಟವೇ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ವಿಧಾನಸಭೆ ಮತ್ತು ಲೋಕಸಭೆ ಚುನಾವಣೆಗಳಿಗೆ ಅನ್ವಯಿಸುವ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಕಲಂ 123(3)ರ ಪ್ರಕಾರ, ಅಭ್ಯರ್ಥಿಯಾಗಲಿ, ಅವರ ಏಜೆಂಟರಾಗಲಿ, ಅವರ ಒಪ್ಪಿಗೆ ಪಡೆದ ಬೇರೊಬ್ಬರಾಗಲಿ ಧರ್ಮ, ಜನಾಂಗ, ಜಾತಿ, ಸಮುದಾಯ ಅಥವಾ ಭಾಷೆಯ ಆಧಾರದ ಮೇಲೆ ಮತ ಕೊಡಿ ಅಥವಾ ಕೊಡಬೇಡಿ ಎಂದು ಕೋರುವುದು ಭ್ರಷ್ಟ ಆಚರಣೆ. ಫಲಿತಾಂಶ ಪ್ರಕಟವಾದ 45 ದಿನಗಳೊಳಗೆ ಹೈಕೋರ್ಟಿನಲ್ಲಿ ಚುನಾವಣಾ ಅರ್ಜಿ ಹಾಕಿ ಅದನ್ನು ಸಾಬೀತುಪಡಿಸಿದರೆ ಆಯ್ಕೆಯೇ ರದ್ದಾಗಬಹುದು. ಈ ಕಲಮಿನಲ್ಲಿ 'ಅವನ' ಎಂಬ ಪದ ಯಾರನ್ನು ಸೂಚಿಸುತ್ತದೆ, ಅಭ್ಯರ್ಥಿಯ ಧರ್ಮ ಜಾತಿಗಳನ್ನು ಮಾತ್ರವೇ ಅಥವಾ ಮತದಾರರದನ್ನೂ ಸೇರಿಸಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದು, 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ 4-3ರ ಬಹುಮತದ ತೀರ್ಪು ಬಂತು: ಮತದಾರರ ಜಾತಿಯನ್ನು ಮುಂದಿಟ್ಟು ಮತ ಕೇಳುವುದೂ ತಪ್ಪು. ಭಿನ್ನಮತದ ಮೂವರ ಪರವಾಗಿ ಬರೆದ ನ್ಯಾಯಮೂರ್ತಿ ಚಂದ್ರಚೂಡ್ ಅವರು, ಜಾತಿ ಅಥವಾ ಭಾಷೆಯ ಕಾರಣಕ್ಕೆ ಅನ್ಯಾಯ ಉಂಡವರ ಸಂಕಟವನ್ನು ಚುನಾವಣೆಯ ಮಾತಿನಿಂದ ಹೊರಗಿಡುವುದು ಸರಿಯಲ್ಲ ಎಂಬ ನಿಲುವು ತಳೆದರು. ತೀರ್ಪಿಗೆ ನಾನು ಬದ್ಧಳಾದರೂ ಆ ಭಿನ್ನಮತದಲ್ಲಿ ಬಹಳ ತೂಕವಿದೆ ಎಂದು ನಂಬಿದ್ದೇನೆ. ತಮ್ಮನ್ನು ಅಮಾನುಷವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ನೇ ಇಸವಿಯಲ್ಲಿ ರಾಜ್ಯವು ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಗಿ ಬಂದ ಕೊರಗ ಸಮುದಾಯದ ಮತದಾರರೊಬ್ಬರು ತಮ್ಮ ಜಾತಿಯನ್ನು ಮರೆತು ಮತ ಹಾಕಲಿ ಎಂದು ಬಯಸುವ ಹಕ್ಕು ನನಗಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಈ ನಿರ್ಬಂಧ ಇರುವುದು ಮತ ಕೇಳುವವರ ಮೇಲೆ; ಮತ ಹಾಕುವವರ ಮನಸ್ಸಿನ ಮೇಲೆ ಯಾವ ಕಲಮೂ ಇಲ್ಲ. ಇನ್ನೊಂದು, ನಿಷೇಧದ ಆ ಐದು ಆಧಾರಗಳಲ್ಲಿ ಲಿಂಗ ಇಲ್ಲ. 'ನಾನು ಹೆಂಗಸು, ಹೆಂಗಸರ ಕಷ್ಟ ಬಲ್ಲೆ, ನನಗೆ ಮತ ಕೊಡಿ' ಎಂದು ಅಭ್ಯರ್ಥಿಯೊಬ್ಬರು ಹೇಳಿದರೆ ಈ ಕಲಮಿನಡಿ ಅದು ಭ್ರಷ್ಟ ಆಚರಣೆಯಲ್ಲ. ಇದು ಸರಿಯಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಹೆಂಗಸರು ಎಂದೂ ಒಂದು ಬೀಡಿನಲ್ಲಿ, ಒಂದು ಕೇರಿಯಲ್ಲಿ ಒಟ್ಟಾಗಿ ಇದ್ದವರಲ್ಲ. ಎಲ್ಲ ಜಾತಿಗಳ ಎಲ್ಲ ಮನೆಗಳಲ್ಲಿ ಹಂಚಿಹೋದವರು. ಅವರಿಗೆ ಜಾತಿಗಿರುವಂತೆ ಮುಖಂಡರು, ಅಂದರೆ ಗುರಿಕಾರರು, ಇಲ್ಲ, ಸಂಘದ ಸಭಾಭವನವಿಲ್ಲ, ಅವರ ಪರವಾಗಿ 'ನಮ್ಮ ಮತವೆಲ್ಲ ನಿಮಗೇ' ಎಂದು ಮಾತು ಕೊಡುವವರೂ ಇಲ್ಲ.

ಮಾತು ಕೊಡುವ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ನಮ್ಮ ಕರಾವಳಿಯಲ್ಲಿ ದೈವದ ಎದುರು ಆಣೆ ಮಾಡಿಸಿ ಮತ ಕಟ್ಟಿಹಾಕಲು ನೋಡುವವರಿದ್ದಾರೆ. 'ಆಣೆ ಹಾಕಿ ಆಗಿದೆ ಮೇಡಂ, ಬೇರೆಯವರಿಗೆ ಕೊಟ್ಟರೆ ದೋಷ ಬರ್ತದಾ?' ಎಂದು ನನ್ನ ಬಳಿ ಕೇಳಿದವರು ಒಬ್ಬಿಬ್ಬರಲ್ಲ. ದೋಷದ ವಿಚಾರ ನನ್ನ ವೃತ್ತಿಗೆ ಸೇರಿದ್ದಲ್ಲ. ಆದರೆ ದೈವದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ನಂಬಿಸಿ ಮತ ಪಡೆಯಲು ಯತ್ನಿಸುವುದೂ, ಜಾತಿಯಿಂದ ಹೊರಗೆ ಹಾಕುತ್ತೇವೆ ಎಂದು ಬೆದರಿಸುವುದೂ ಅದೇ ಕಾಯ್ದೆಯ ಕಲಂ 123(2)ರ ಪ್ರಕಾರ ಅನುಚಿತ ಪ್ರಭಾವ. ಹಾಗೆ ಮಾಡಿಸಿದವರು ತಪ್ಪಿತಸ್ಥರು, ಹೆದರಿ ತಲೆಬಾಗಿದವರಲ್ಲ. ಮತದ ಗುಟ್ಟು ಗುರಿಕಾರರಿಂದ ಮಾತ್ರವಲ್ಲ, ಮನೆಯವರಿಂದಲೂ ಕಾಪಾಡಿಕೊಳ್ಳಬಹುದಾದ ಗುಟ್ಟು ಎಂದು ಅಂಥವರಿಗೆ ಹೇಳಿ ಕಳುಹಿಸುತ್ತೇನೆ.

ಇನ್ನು ಮೀಸಲಾತಿ. 1932ರ ಪೂನಾ ಒಪ್ಪಂದದಲ್ಲಿ ಪ್ರತ್ಯೇಕ ಮತದಾರ ವರ್ಗದ, ಅಂದರೆ ದಲಿತರ ಪ್ರತಿನಿಧಿಗಳನ್ನು ದಲಿತರೇ ಆರಿಸುವ, ಬೇಡಿಕೆಯನ್ನು ಅಂಬೇಡ್ಕರ್ ಬಿಟ್ಟುಕೊಡಬೇಕಾಗಿ ಬಂದು, ಸ್ಥಾನ ಮೀಸಲು ಆದರೆ ಮತ ಎಲ್ಲರದು ಎಂಬ ವ್ಯವಸ್ಥೆ ನೆಲೆಗೊಂಡಿತು. ಅದರ ಪರಿಣಾಮವನ್ನು ಪರಿಶಿಷ್ಟ ಜಾತಿಗೆ ಮೀಸಲಾದ ಸುಳ್ಯ ವಿಧಾನಸಭಾ ಕ್ಷೇತ್ರದಲ್ಲಿ ಇಂದಿಗೂ ಕಾಣಬಹುದು: ಕಣದಲ್ಲಿರುವವರೆಲ್ಲರೂ ಪರಿಶಿಷ್ಟ ಜಾತಿಯವರು, ಅವರಲ್ಲಿ ಯಾರು ಎಂಬುದನ್ನು ತೀರ್ಮಾನಿಸುವವರು ಎಲ್ಲ ಜಾತಿಯವರು. ಮಹಿಳಾ ಮೀಸಲು ವಾರ್ಡಿನಲ್ಲೂ ಹಾಗೆಯೇ. ನಾಮಪತ್ರದ ಹಂತದಲ್ಲಿಯೇ ಹೆಣ್ಣೋ ಗಂಡೋ ಎಂಬ ಪ್ರಶ್ನೆ ಮುಗಿದುಹೋಗಿರುತ್ತದೆ, ಆಮೇಲೆ ಉಳಿಯುವುದು ಆ ಹೆಂಗಸರಲ್ಲಿ ಯಾರು ಸಮರ್ಥರು ಎಂಬ ಪ್ರಶ್ನೆ. ದುಃಖದ ಸಂಗತಿಯೆಂದರೆ, ಬಹಳ ಕಡೆ ಮತದಾರರು ಆಗ ಕೇಳುವುದು 'ಇವರು ಯಾರ ಹೆಂಡತಿ' ಎಂದು. ಕಾನೂನು ಅಳಿಸಿದ 'ಸದರಿ'ಯನ್ನು ನಾವೇ ಮತ್ತೆ ಬರೆದುಕೊಳ್ಳುತ್ತೇವೆ.

ಅವಿಶ್ವಾಸ ನಿರ್ಣಯದ ನೋಟಿಸು ಹಿಡಿದು ಒಮ್ಮೆ ಪಂಚಾಯತ್ ಅಧ್ಯಕ್ಷೆಯೊಬ್ಬರು ಬಂದಿದ್ದರು. ನಾನು ಅವರನ್ನು ಕೇಳಿದ ಪ್ರತಿ ಪ್ರಶ್ನೆಗೂ ಪಕ್ಕದಲ್ಲಿ ಕುಳಿತ ಗಂಡ ಉತ್ತರಿಸುತ್ತಿದ್ದರು. ಕೊನೆಗೆ, 'ನೀವು ಕೆಳಗೆ ಹೋಗಿ ಒಂದು ಚಾ ಕುಡಿದು ಬನ್ನಿ' ಎಂದು ಅವರನ್ನು ಕಳುಹಿಸಿದೆ. ಬಾಗಿಲು ಮುಚ್ಚಿದ ಮೇಲೆ ಆಕೆ ನೋಟಿಸಿನ ಹಿಂಬದಿಯಲ್ಲಿ ಪೆನ್ನಿನಿಂದ ಚಿತ್ರ ಬರೆದು ತೋರಿಸಿದರು: ಇಲ್ಲಿ ಓವರ್‌ಹೆಡ್ ಟ್ಯಾಂಕ್, ಇಲ್ಲಿ ಗೇಟ್ ವಾಲ್ವ್, ಇಲ್ಲಿಂದ ಮೇಲಿನ ಗುಡ್ಡೆಯ ಕಾಲೊನಿಗೆ ಹೋಗುವ ಪೈಪು. ಬೇಸಗೆಯಲ್ಲಿ ಆ ವಾಲ್ವನ್ನು ಅರ್ಧ ತಿರುಗಿಸಿ ಬಿಟ್ಟರೆ ತಗ್ಗಿನ ಮನೆಗಳ ತೋಟಕ್ಕೂ ನೀರು ಸಾಕಾಗುತ್ತದೆ, ಗುಡ್ಡೆಯ ಮೇಲೆ ಕೊಡಪಾನವೂ ತುಂಬುವುದಿಲ್ಲ. ಆಕೆ ವಾಲ್ವಿನ ಕೀಲಿ ಪಂಚಾಯತಿನ ಸಿಬ್ಬಂದಿಯ ಕೈಯಲ್ಲಿ ಮಾತ್ರ ಇರಬೇಕೆಂದು ಹಟ ಹಿಡಿದಿದ್ದರು. 'ನೀರು ತರುದು ನಾವಲ್ವಾ ಮೇಡಂ' ಎಂದರು. ನೋಟಿಸಿನಲ್ಲಿ ಬರೆದಿದ್ದ ಕಾರಣ ಬೇರೆ, ಅದರ ಹಿಂದಿನ ಜಗಳ ಇದು.

ಇದು ಒಬ್ಬರ ಅನುಭವವಷ್ಟೇ ಅಲ್ಲ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯತ್‌ಗಳನ್ನು ಅಧ್ಯಯನ ಮಾಡಿ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮೀಸಲಾತಿಯಿಂದ ಮಹಿಳೆಯರು ಅಧ್ಯಕ್ಷರಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹೋದದ್ದು ಕಂಡುಬಂತು. ಆ ಊರುಗಳ ಹೆಂಗಸರು ಹೆಚ್ಚು ದೂರು ಕೊಡುತ್ತಿದ್ದುದೂ ನೀರಿನ ಬಗ್ಗೆಯೇ.

ಹಾಗಾದರೆ ಮತ ಹಾಕುವಾಗ ಜಾತಿ, ಲಿಂಗಗಳನ್ನು ಗಣನೆಗೆ ತೆಗೆದುಕೊಳ್ಳಬೇಕೇ? ನನ್ನ ಉತ್ತರ ಎರಡಕ್ಕೂ ಒಂದೇ ಅಲ್ಲ. 'ನಮ್ಮವರು' ಎಂಬ ಒಂದೇ ಕಾರಣಕ್ಕೆ ಕೊಡುವ ಮತ, ಪಟ್ಟಿಯ ಅಂಚಿನಲ್ಲಿ ಪೆನ್ಸಿಲ್ ಹಿಡಿದವರು ಮೊದಲೇ ಲೆಕ್ಕ ಹಾಕಿಟ್ಟ ಮತ. ಅದನ್ನು ಕೊಟ್ಟವರಿಗೆ ಆಮೇಲೆ ರಸ್ತೆಯನ್ನೋ ನೀರನ್ನೋ ಕೇಳುವ ಬಲ ಉಳಿಯುವುದಿಲ್ಲ. ಅನ್ಯಾಯ ಉಂಡ ಸಮುದಾಯ ತನ್ನ ಅನುಭವ ಬಲ್ಲವರನ್ನು ಹುಡುಕುವುದು ಬೇರೆ ಮಾತು, ಅದನ್ನು ಜಾತಿವಾದ ಎಂದು ನಾನು ಕರೆಯಲಾರೆ. ಲಿಂಗದ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿಗೆ ಸ್ಪರ್ಧಿಸಿ ಅತ್ಯಲ್ಪ ಮತಗಳಿಂದ ಸೋತರು. ಸುಮಾರು ನೂರು ವರ್ಷಗಳ ಬಳಿಕ, 2023ರ ಚುನಾವಣೆಯಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಿಗೆ ಆಯ್ಕೆಯಾದ ಮಹಿಳೆಯರು 10 ಮಂದಿ. ಅವರಲ್ಲಿ ಸುಳ್ಯದ ಭಾಗೀರಥಿ ಮುರುಳ್ಯ ಒಬ್ಬರು. ಪಂಚಾಯತ್‌ಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗಿರುವ ರಾಜ್ಯ ಇದು. ಅದೇ ವರ್ಷ ಬಂದ ಸಂವಿಧಾನದ 106ನೇ ತಿದ್ದುಪಡಿ ವಿಧಾನಸಭೆ, ಲೋಕಸಭೆಗಳಲ್ಲಿ ಮೂರನೇ ಒಂದು ಭಾಗ ಕೊಟ್ಟಿದ್ದರೂ, ಅದರ ಜಾರಿಯನ್ನು ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಗೆ ಕಟ್ಟಿಹಾಕಿತು. ಹೀಗಿರುವಾಗ ಸರಿಸಮಾನ ಯೋಗ್ಯತೆಯ ಇಬ್ಬರು ಎದುರಿಗಿದ್ದರೆ ನಾನು ಮಹಿಳೆಗೆ ಮತ ಕೊಡುತ್ತೇನೆ, ಮತ್ತು ಅದನ್ನು ಪಕ್ಷಪಾತವೆಂದು ಭಾವಿಸುವುದಿಲ್ಲ. ಯೋಗ್ಯತೆ ಇಲ್ಲದಿದ್ದರೆ ಕೊಡುವುದಿಲ್ಲ. ಗಂಡನ ಬದಲಿಗೆ ಸಹಿ ಹಾಕಲು ಬಂದವರಾದರೆ ಖಂಡಿತ ಕೊಡುವುದಿಲ್ಲ.

ವಾಲ್ವಿನ ಚಿತ್ರ ಬರೆದ ಆ ಮಹಿಳೆ ಆಮೇಲೆ ಒಮ್ಮೆ ಒಬ್ಬರೇ ಬಂದರು. ಅವರ ವಾರ್ಡಿನ ಮೀಸಲಾತಿ ಬದಲಾಗಿ ಸಾಮಾನ್ಯ ಆಗಬಹುದೆಂಬ ಮಾತು ಊರಿನಲ್ಲಿ ಎದ್ದಿತ್ತು. 'ಜನರಲ್ ಆದ್ರೆ ಹೆಂಗಸರಿಗೆ ನಿಲ್ಲಲಿಕ್ಕೆ ಆಗುದಿಲ್ಲ ಅಂತ ಎಲ್ಲರೂ ಹೇಳ್ತಾರೆ, ಹೌದಾ ಮೇಡಂ?' ಎಂದು ಕೇಳಿದರು. ಇಲ್ಲ. ಸಾಮಾನ್ಯ ಸ್ಥಾನ ಎಂದರೆ ಗಂಡಸರ ಸ್ಥಾನ ಎಂದು ಅರ್ಥವಲ್ಲ. ಅಲ್ಲಿ ಯಾವ ಜಾತಿಯವರೂ, ಹೆಂಗಸರೂ ಗಂಡಸರೂ ನಾಮಪತ್ರ ಸಲ್ಲಿಸಬಹುದು. ಹಾಗೆಂದು ಹೇಳಿ, ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರು ಸರಿಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಲು ತಿಳಿಸಿದೆ. ಹೆಸರಿನ ಕಾಗುಣಿತವನ್ನು ಅವರು ಒಂದು ಚೀಟಿಯಲ್ಲಿ ಬರೆದುಕೊಂಡರು.