1 ಮಿ.ಮೀ. ಪಿನ್: ಬಾಗುವುದು ಟೂಲಲ್ಲ, ಜಾಬು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮೇಲೆ 20 ಮಿ.ಮೀ. ಶಾಫ್ಟನ್ನು ಕಣ್ಣು ಮುಚ್ಚಿಕೊಂಡು ತೆಗೆಯುವ ಕೈಗಳಿಗೆ ಕೊರತೆಯಿಲ್ಲ. ಅದೇ ಕೈಗೆ 1 ಮಿ.ಮೀ. ದಪ್ಪ, 10 ಮಿ.ಮೀ. ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಪಿನ್ ಕೊಟ್ಟರೆ ಅದನ್ನು ಹಿಡಿದಿರುವ ಕೊಲೆಟ್ ಹತ್ತಿರ ಸೈಜು ಸರಿ, ತುದಿಯಲ್ಲಿ ದಪ್ಪ. ಟೂಲ್ ಬದಲಿಸುತ್ತಾ ಕೂತರೆ ಬಗೆಹರಿಯದು. ಒಂದೇ ಕಡೆ ಹಿಡಿದ ಆ ಪಿನ್ನಿನ ತುದಿಗೆ 100 ಗ್ರಾಂ ಭಾರದಷ್ಟು ಒತ್ತಡ ಬಿದ್ದರೆ ಸಾಕು, ಬಾಗಿ ಟೂಲಿನಿಂದ ಸುಮಾರು 35 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಪಾಲು) ದೂರ ಸರಿಯುತ್ತದೆ. ವ್ಯಾಸದಲ್ಲಿ ಅದು 70 ಮೈಕ್ರಾನ್.

ಸ್ಲೈಡಿಂಗ್ ಹೆಡ್ ಲೇತ್ ಬೇಕಾಗುವುದು ಇದಕ್ಕೇ. ಅಲ್ಲಿ ಉದ್ದಕ್ಕೆ ಓಡುವುದು ಟೂಲಲ್ಲ, ಬಾರ್, ಅಂದರೆ ಪಿನ್ ತೆಗೆಯುವ ಕಂಬಿ. ಅದು ಆಸರೆಯ ಉಂಗುರವಾದ ಗೈಡ್ ಬುಷ್‌ನಿಂದ ಹೊರಬರುತ್ತಿದ್ದಂತೆ, ಒಂದೆರಡು ಮಿ.ಮೀ. ದೂರದಲ್ಲೇ ಟೂಲ್ ಕತ್ತರಿಸುತ್ತದೆ. ಆಸರೆಯಿಂದ ದೂರ ಅರ್ಧವಾದರೆ ಬಾಗು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಒಂದೇ ಪಾಸಿನಲ್ಲಿ (ಟೂಲಿನ ಒಂದೇ ಕತ್ತರಿಕೆಯಲ್ಲಿ) ಫೈನಲ್ ಸೈಜಿಗೆ ಇಳಿಸಬೇಕು. ಸಣ್ಣದಾದ ಭಾಗವನ್ನು ಬುಷ್ ಒಳಗೆ ವಾಪಸ್ ಎಳೆದರೆ ಆಸರೆ ತಪ್ಪುತ್ತದೆ. ಬಾರ್ ಗ್ರೈಂಡ್ ಮಾಡಿದ್ದೇ ಇರಲಿ. ಎಚ್‌6 ಎಂಬ ನಿಖರತೆಯ ದರ್ಜೆಯ 3 ಮಿ.ಮೀ. ಬಾರ್‌ನಲ್ಲಿ ದಪ್ಪದ ವ್ಯತ್ಯಾಸ 6 ಮೈಕ್ರಾನ್ ಒಳಗಿರುತ್ತದೆ. ಅಗ್ಗದ ಬಾರ್ ಒಂದು ಕಡೆ ಬುಷ್‌ನಲ್ಲಿ ಕಚ್ಚಿಕೊಳ್ಳುತ್ತದೆ, ಇನ್ನೊಂದು ಕಡೆ ಸಡಿಲವಾಗಿ ಅದುರುತ್ತದೆ.

ಟೂಲಿನ ಸೆಂಟರ್ ಹೈಟ್ (ಜಾಬಿನ ನಡುಗೆರೆಗೆ ಟೂಲ್ ತುದಿಯ ಎತ್ತರ) 0.05 ಮಿ.ಮೀ. ತಪ್ಪಿದರೂ ಫೇಸಿನ, ಅಂದರೆ ತುದಿ ಮುಖದ, ನಡುವೆ 0.1 ಮಿ.ಮೀ. ದಪ್ಪದ ಮೊಳೆ ಉಳಿಯುತ್ತದೆ. ದೊಡ್ಡ ಜಾಬಿನಲ್ಲಿ ಅದು ಲೆಕ್ಕಕ್ಕಿಲ್ಲ, ಇಲ್ಲಿ ವ್ಯಾಸದ ಹತ್ತನೇ ಒಂದು ಪಾಲು.

ಇಂಥ ಜಾಬಿಗೆ ತೂತು ಕೊರೆಯುವ 0.3 ಮಿ.ಮೀ. ಡ್ರಿಲ್‌ಗೆ ನಿಮಿಷಕ್ಕೆ 20 ಮೀಟರ್ ಕತ್ತರಿಸುವ ವೇಗ ಸಿಗಬೇಕಾದರೆ ಸುಮಾರು 21,000 ಆರ್‌ಪಿಎಂ ಬೇಕು. ರನೌಟ್ (ತಿರುಗುವಾಗಿನ ಓಲಾಟ) 5 ಮೈಕ್ರಾನ್ ದಾಟದಿರಲಿ; ಒಂದು ಸಲಕ್ಕೆ 0.15 ಮಿ.ಮೀ. ಮಾತ್ರ ಇಳಿಸಿ ಚಿಪ್ ಹೊರಗೆ ತೆಗೆಯಿರಿ. ಡ್ರಿಲ್ ಮುರಿದಾಗ ಎಲ್ಲರೂ ಫೀಡ್ (ಡ್ರಿಲ್ ಒಳಗಿಳಿಯುವ ವೇಗ) ನೋಡುತ್ತಾರೆ, ಮೊದಲು ಗುರುತಿನ ಗುಂಡಿ ಮಾಡುವ ಸ್ಪಾಟ್ ಡ್ರಿಲ್ಲನ್ನು ಯಾರೂ ನೋಡುವುದಿಲ್ಲ. 140 ಡಿಗ್ರಿ ತುದಿಯ ಕಾರ್ಬೈಡ್ ಡ್ರಿಲ್‌ಗೆ 90 ಡಿಗ್ರಿ ಗುಂಡಿ ಮಾಡಿದರೆ ಮೊದಲು ತಾಗುವುದು ಅಂಚು, ಅದೇ ಚಕ್ಕೆ ಏಳುತ್ತದೆ.

ಬೆಂಗಳೂರಿನ ಹವೆ ತಂಪು ಎಂದು ನಂಬಿ ಕೂರಬೇಡಿ. ಪಿನ್ ಹಿಗ್ಗುವುದು ನಗಣ್ಯ, ಹಿಗ್ಗುವುದು ಮೆಷಿನ್ನು. 200 ಮಿ.ಮೀ. ಬೀಡುಕಬ್ಬಿಣ 3 ಡಿಗ್ರಿ ಬಿಸಿಯಾದರೆ ಆರೇಳು ಮೈಕ್ರಾನ್ ಉದ್ದವಾಗುತ್ತದೆ. ಬೆಳಗ್ಗೆ ಅರ್ಧ ಗಂಟೆ ಖಾಲಿ ಓಡಿಸಿ. ಕರೆಂಟ್ ಹೋಗಿ ಬಂದರೂ ಹಾಗೆಯೇ: ಮೊದಲ ಹತ್ತು ಪೀಸ್ ಬೇರೆ ಡಬ್ಬಿಗೆ ಹಾಕಿ, ಅಳತೆ ನಿಂತ ಮೇಲೆ ಆಫ್‌ಸೆಟ್ (ಟೂಲಿನ ಅಳತೆ ತಿದ್ದುಪಡಿ) ಮುಟ್ಟಿ.